ಕ್ಯಾಸೆಟ್ಟಿನಲ್ಲಿ ಬಂದ ಕಥೆಗಳು

ಹೊಸನಗರ ತಾಲ್ಲೂಕಿನವರಿಗೆ ಹೊರಗಿನವರ ಮುಂದೆ ಹೇಳಿಕೊಳ್ಳಲು ಇರುವುದು ಮೂರೇ ಮೂರು, ಮಳೆ, ಅಡಿಕೆ ಮತ್ತು ಮುಳುಗಡೆ ಎಂದು ನಮ್ಮ ಮನೆಯಲ್ಲಿ ತಮಾಷೆ ಮಾಡುತ್ತಿದ್ದರು. ನಾಲ್ಕನೆಯದೊಂದಿದೆ ಎಂದು ನಾನು ಯಾವಾಗಲೂ ವಾದಿಸುತ್ತಿದ್ದೆ. ಅದು ಶಿವಮೊಗ್ಗ ಸುಬ್ಬಣ್ಣ. ಹೆಸರಿನಲ್ಲಿ ಶಿವಮೊಗ್ಗ ಇದ್ದರೂ ಅವರು ಹುಟ್ಟಿದ್ದು ನಮ್ಮ ತಾಲ್ಲೂಕಿನ ನಗರದಲ್ಲಿ, 1938ರ ಡಿಸೆಂಬರ್ 14ರಂದು. ನಗರ ಎಂದರೆ ಹಿಂದಿನ ಬಿದನೂರು, ಕೆಳದಿ ಅರಸರ ರಾಜಧಾನಿ, ರಾಣಿ ಚೆನ್ನಮ್ಮಾಜಿ ಆಳಿದ ಊರು. ನಮ್ಮದು ಹುಂಚ, ಅದಕ್ಕಿಂತ ಹಳೆಯ ರಾಜಧಾನಿ, ಸಾಂತರರದ್ದು. ಹೀಗೆ ನಮ್ಮ ತಾಲ್ಲೂಕು ಇಟ್ಟುಕೊಂಡ ಎರಡು ರಾಜಧಾನಿಗಳಲ್ಲಿ ಒಂದಕ್ಕೂ ರೈಲು ಇಲ್ಲ ಎಂಬುದು ಬೇರೆ ಮಾತು.

ಸುಬ್ಬಣ್ಣನವರ ನಿಜವಾದ ಹೆಸರು ಜಿ. ಸುಬ್ರಹ್ಮಣ್ಯ. ಕಾನೂನು ಓದಿ ವಕೀಲರಾದವರು. ಚಂದ್ರಶೇಖರ ಕಂಬಾರರ ‘ಕಾಡು ಕುದುರೆ’ ಚಿತ್ರದ ಹಾಡಿಗೆ ಅವರಿಗೆ 1978ರ ಸಾಲಿನ ರಾಷ್ಟ್ರಪ್ರಶಸ್ತಿ ಬಂತು. ಕನ್ನಡದ ಹಿನ್ನೆಲೆ ಗಾಯಕರೊಬ್ಬರಿಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. ವಿಚಿತ್ರವೆಂದರೆ, ಸಿನಿಮಾ ಪ್ರಶಸ್ತಿ ಪಡೆದ ಈ ಮನುಷ್ಯ ಸಿನಿಮಾದವರಾಗಲಿಲ್ಲ. ಅವರನ್ನು ನಾವು ಕೇಳಿದ್ದು ಥಿಯೇಟರಿನಲ್ಲಲ್ಲ, ಅಡುಗೆಮನೆಯಲ್ಲಿ. ನಾನು ಹೇಳಹೊರಟಿರುವುದು ಆ ಅಡುಗೆಮನೆಯ ಚರಿತ್ರೆ. ಸಿನಿಮಾದ ಹಂಗಿಲ್ಲದೆ, ನಾಯಕ ನಾಯಕಿಯರು ಮರ ಸುತ್ತುವುದಿಲ್ಲದೆ, ಬರೀ ಕವಿತೆ ಮತ್ತು ಕಂಠದ ಬಲದಿಂದ ಮನೆಮನೆಗೆ ಬಂದ ಭಾವಗೀತೆಗಳ ಚರಿತ್ರೆ.

ನಮ್ಮ ಊರಿಗೆ ಹಾಡಿನಲ್ಲಿ ಕಥೆ ಹೇಳುವುದೇನೂ ಹೊಸದಾಗಿರಲಿಲ್ಲ. ದೀಪಾವಳಿಯ ರಾತ್ರಿಗಳಲ್ಲಿ ಅಂಟಿಗೆ-ಪಂಟಿಗೆಯವರು ಆರದ ದೀಪ ಹಿಡಿದು ಊರೂರು ಸುತ್ತುತ್ತಾ ಬರುತ್ತಿದ್ದರು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಾಗಿಲು ತೆಗೆಯಿರಿ ಎಂದು ಹೊರಗೆ ನಿಂತು ಹಾಡುತ್ತಾರೆ, ಒಳಗಿನ ಹೆಂಗಸರು ಬಂದು ದೀಪಕ್ಕೆ ಎಣ್ಣೆ ಎರೆಯುತ್ತಾರೆ, ಅಕ್ಕಿ ಕಾಯಿ ದುಡ್ಡು ಕೊಡುತ್ತಾರೆ, ಆಮೇಲೆ ಜಗುಲಿಯಲ್ಲಿ ಕೂತು ಕಥೆಯ ಹಾಡು ಶುರು. ಹಾಡುವವರೆಲ್ಲ ಗಂಡಸರು. ಹೆಂಗಸರ ಹಾಡು ಬೇರೆ, ಅದು ಒಳಗಿನದು. ನಾಟಿ ಗದ್ದೆಯಲ್ಲಿ, ಬೀಸುವಾಗ, ಹಸೆಯ ಮುಂದೆ, ತೊಟ್ಟಿಲ ಹತ್ತಿರ.

ಆ ಒಳಗಿನ ಹಾಡುಗಳಲ್ಲಿ ಎರಡನ್ನು ಕೇಳದೆ ಬೆಳೆದ ಹುಡುಗಿ ನಮ್ಮ ಕಾಲದಲ್ಲಿ ಇರಲಿಲ್ಲ. ಒಂದು ಗೋವಿನ ಹಾಡು. ಇನ್ನೊಂದು ಕೆರೆಗೆ ಹಾರ. ಕೆರೆ ಕಟ್ಟಿಸಿದರೂ ನೀರು ಬರಲಿಲ್ಲ, ಮನೆಯ ಸೊಸೆಯರಲ್ಲಿ ಒಬ್ಬಳನ್ನು ಬಲಿ ಕೊಡಬೇಕು ಎಂದಾಯಿತು, ಕಿರಿಯ ಸೊಸೆ ಭಾಗೀರಥಿಯ ಪಾಲಿಗೆ ಅದು ಬಂತು. ಅವಳು ತವರಿಗೆ ಹೋಗಿ ಬರುತ್ತಾಳೆ, ಗೆಳತಿಯ ಹತ್ತಿರ ಹೋಗುತ್ತಾಳೆ, ಹಿಂದಿರುಗಿ ಬಂದು ಮನೆಕೆಲಸ ಮುಗಿಸಿ ಪೂಜೆಗೆ ಹೋಗುವಂತೆ ಹೋಗುತ್ತಾಳೆ. ನೀರು ಮೇಲಕ್ಕೆ ಬರುತ್ತದೆ. ದಂಡಿನಲ್ಲಿದ್ದ ಗಂಡ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಹುಂಚದಲ್ಲಿ ಈ ಹಾಡು ಕೇಳುವುದು ಇನ್ನೂ ಕಷ್ಟ. ಏಕೆಂದರೆ ಹೊರಗೆ ಬಂದರೆ ಎದುರಿಗೇ ಮುತ್ತಿನಕೆರೆ. ಎಂಥ ಬೇಸಿಗೆಯಲ್ಲೂ ಬತ್ತುವುದಿಲ್ಲ ಎಂದು ಊರಿನವರ ನಂಬಿಕೆ. ಹಾಗಾದರೆ ಇದಕ್ಕೆ ಯಾರನ್ನು ಕೊಟ್ಟಿದ್ದರೋ ಎಂದು ಆರು ವರ್ಷದ ನಾನು ಕೇಳಿದ್ದೆನಂತೆ. ಪದ್ಮಾವತಿ ಅಮ್ಮನವರ ಊರಿನಲ್ಲಿ ಅಂಥ ಮಾತಾಡಬಾರದು ಎಂದು ಅಜ್ಜಿ ಗದರಿಸಿದ್ದರಂತೆ.

ಆದರೆ ಆ ಊರಿನ ದೊಡ್ಡ ಕಲ್ಲುಕಟ್ಟಡವೇ ಒಬ್ಬ ಹೆಂಗಸಿನ ದುಃಖದಿಂದ ಎದ್ದದ್ದು ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಹುಂಚದ ಪಂಚಕೂಟ ಬಸದಿಯನ್ನು 1077ರಲ್ಲಿ ಕಟ್ಟಿಸಿದವಳು ಸಾಂತರರ ಮನೆಯಲ್ಲಿದ್ದ ಚಟ್ಟಲದೇವಿ. ಅಗಲಿದ ತನ್ನವರ ನೆನಪಿಗೆಂದು ಕಟ್ಟಿಸಿದಳು ಎಂದು ಶಾಸನ ಹೇಳುತ್ತದೆ. ಅದಕ್ಕೆ ಊರ್ವೀತಿಲಕವೆಂದು ಹೆಸರು. ತಂಗಿಯ ಮಕ್ಕಳನ್ನು ತನ್ನ ಮಕ್ಕಳಂತೆ ಬೆಳೆಸಿದವಳು ಅವಳು. ಶಾಸನದಲ್ಲಿ ಹೊಗಳಿಕೆ ಬೇಕಾದಷ್ಟಿದೆ. ಅವಳು ಅತ್ತದ್ದು ಮಾತ್ರ ಇಲ್ಲ. ರಾಣಿಯರಿಗೆ ಕಲ್ಲು ಇತ್ತು. ನಮ್ಮ ಮನೆಯ ಹೆಂಗಸರಿಗೆ ಏನಿತ್ತು? ಒಂದು ನೋಟುಪುಸ್ತಕ.

ನನ್ನ ಅಮ್ಮನ ಹಾಡಿನ ಪುಸ್ತಕ ಈಗ ನನ್ನ ಹತ್ತಿರ ಇದೆ. ಮೊದಲ ಪುಟಗಳಲ್ಲಿ ಆರತಿ ಹಾಡು, ಹಸೆ ಹಾಡು. ಆಮೇಲೆ ರೇಡಿಯೋ ಬಂದ ಗುರುತುಗಳು. ಭದ್ರಾವತಿ ಆಕಾಶವಾಣಿ ಶುರುವಾದದ್ದು 1965ರಲ್ಲಿ. ‘ಸುಗಮ ಸಂಗೀತ’ ಎಂಬ ಮಾತನ್ನು ನಮ್ಮ ಕಿವಿಗೆ ಹಾಕಿದ್ದೇ ಆಕಾಶವಾಣಿ. ಶಾಸ್ತ್ರೀಯವೂ ಅಲ್ಲ, ಸಿನಿಮಾವೂ ಅಲ್ಲ, ಜಾನಪದವೂ ಅಲ್ಲ ಎನ್ನುವುದಕ್ಕೆ ಅವರಿಗೊಂದು ಹೆಸರು ಬೇಕಾಗಿತ್ತು. ಅದಕ್ಕೂ ಮೊದಲೇ ಈ ದಾರಿಯನ್ನು ಕಡಿದವರು ಪಿ. ಕಾಳಿಂಗರಾಯರು. 1914ರಲ್ಲಿ ಉಡುಪಿ ಕಡೆಯ ಆರೂರಿನಲ್ಲಿ ಹುಟ್ಟಿ 1981ರಲ್ಲಿ ತೀರಿಕೊಂಡ ಅವರು ಕವಿಗಳ ಪದ್ಯಗಳನ್ನೂ ಹಳ್ಳಿಯ ಪದಗಳನ್ನೂ ಒಂದೇ ವೇದಿಕೆಯಲ್ಲಿ ಕೂರಿಸಿದರು. ಜೊತೆಯಲ್ಲಿ ಮೋಹನಕುಮಾರಿ, ಸೋಹನಕುಮಾರಿ. ಆಗ ಅವರ ತಟ್ಟೆಗಳನ್ನು ಹಾಕಿ ಕೇಳಲು ಗ್ರಾಮಫೋನು ಬೇಕಿತ್ತು. ಅದು ಇದ್ದದ್ದು ಶ್ರೀಮಂತರ ಮನೆಯ ಜಗುಲಿಯಲ್ಲಿ, ಅದರ ಕೀ ಯಜಮಾನರ ಕೈಯಲ್ಲಿ.

ಕ್ಯಾಸೆಟ್ಟು ಬಂದದ್ದೇ ಈ ಕೀಲಿಯನ್ನು ಬದಲಾಯಿಸಿತು. ಫಿಲಿಪ್ಸ್ ಕಂಪನಿ ಆ ಪುಟ್ಟ ಡಬ್ಬಿಯನ್ನು 1963ರಲ್ಲೇ ಜಗತ್ತಿಗೆ ತೋರಿಸಿತ್ತು. ನಮ್ಮಲ್ಲಿಗೆ ಅದು ಹಬ್ಬಲು ಎಪ್ಪತ್ತರ ದಶಕದ ಕೊನೆಯಾಗಬೇಕಾಯಿತು. ತಟ್ಟೆ ಒತ್ತಲು ದೊಡ್ಡ ಕಾರ್ಖಾನೆ ಬೇಕು, ಕ್ಯಾಸೆಟ್ಟಿಗೆ ಅಷ್ಟು ಬೇಡ. ಹಾಗಾಗಿ ಸಣ್ಣ ಕಂಪನಿಗಳೂ ಧೈರ್ಯ ಮಾಡಿದವು. 1978ರಲ್ಲಿ ‘ನಿತ್ಯೋತ್ಸವ’ ಹೊರಬಂತು. ಕೆ.ಎಸ್. ನಿಸಾರ್ ಅಹಮದರ ಕವಿತೆಗಳು, ಮೈಸೂರು ಅನಂತಸ್ವಾಮಿಯವರ ಸಂಗೀತ. ಕನ್ನಡದ ಮೊಟ್ಟಮೊದಲ ಭಾವಗೀತೆಗಳ ಕ್ಯಾಸೆಟ್ಟು ಎಂದು ಅದಕ್ಕೆ ಹೆಸರು. ನಿಸಾರ್ ಅಹಮದರು ಭೂವಿಜ್ಞಾನದ ಮೇಷ್ಟ್ರು, ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಹೇಳಿದವರು. ಆ ಹೆಸರಿನ ಹಾಡಿನಲ್ಲಿ ನಮ್ಮ ಜೋಗ, ನಮ್ಮ ತುಂಗೆ ಬರುವುದರಿಂದ ಅದು ನಮ್ಮದೇ ಎಂದು ಮಲೆನಾಡಿನವರೆಲ್ಲ ಹಕ್ಕು ಹೇಳಿಕೊಂಡುಬಿಟ್ಟೆವು.

ನಮ್ಮ ಮನೆಗೆ ಟೇಪ್ ರೆಕಾರ್ಡರ್ ಬಂದದ್ದು 1982ರಲ್ಲಿ. ಶಿವಮೊಗ್ಗದ ಅಡಿಕೆ ಮಂಡಿಗೆ ಹೋದ ಚಿಕ್ಕಪ್ಪ ಲೆಕ್ಕ ಚುಕ್ತಾ ಮಾಡಿಕೊಂಡು ಬರುವಾಗ ತಂದರು. ಎರಡು ದಿನ ಅದು ಜಗುಲಿಯ ಮೇಲೆ ಮೆರೆಯಿತು. ಮೂರನೆಯ ದಿನ ಗಂಡಸರೆಲ್ಲ ತೋಟಕ್ಕೆ ಹೋದ ಮೇಲೆ ಅಮ್ಮ ಅದನ್ನು ಎತ್ತಿಕೊಂಡು ಹೋಗಿ ಅಡುಗೆಮನೆಯ ಗೂಡಿನಲ್ಲಿಟ್ಟಳು. ಅಲ್ಲಿಂದ ಅದು ಮತ್ತೆ ಜಗುಲಿಗೆ ಬರಲಿಲ್ಲ. ಮಳೆಗಾಲದಲ್ಲಿ ಕರೆಂಟಿಲ್ಲದಾಗ ನಾಲ್ಕು ಬ್ಯಾಟರಿ ಸೆಲ್ಲು ಹಾಕಬೇಕು. ಸೆಲ್ಲು ಇಳಿದರೆ ಒಲೆಯ ಪಕ್ಕ ಕಾಯಿಸಿಟ್ಟು ಇನ್ನೊಂದೆರಡು ಹಾಡು ಹೇಳಿಸುವುದು. ರೀಲು ಸಿಕ್ಕಿಕೊಂಡರೆ ಪೆನ್ಸಿಲು ತೂರಿಸಿ ಸುತ್ತುವುದು. ನಿಮಗೂ ಇದೆಲ್ಲ ನೆನಪಿರಬಹುದು. ಅಮ್ಮ ಒಂದು ಸಾಲು ಕೇಳುವುದು, ಗುಂಡಿ ಒತ್ತಿ ನಿಲ್ಲಿಸುವುದು, ಕೈ ಒರೆಸಿಕೊಂಡು ಬರೆದುಕೊಳ್ಳುವುದು. ಹೀಗೆ ಭಾವಗೀತೆಗಳು ಅವಳ ಪುಸ್ತಕಕ್ಕೆ ಬಂದವು. ಕವಿಗಳ ಹೆಸರು ಎಲ್ಲೂ ಇಲ್ಲ. ಅರ್ಥವಾಗದ ಪದ ಬಂದಲ್ಲಿ ತನಗೆ ತಿಳಿದದ್ದನ್ನು ಹಾಕಿಕೊಂಡಿದ್ದಾಳೆ. ಎರಡು ಕಡೆಯಂತೂ ಕವಿಯದಕ್ಕಿಂತ ಅಮ್ಮನ ಪದವೇ ವಾಸಿ ಎಂದು ನನ್ನ ಅಭಿಪ್ರಾಯ.

ನಮ್ಮ ಮನೆಯಲ್ಲಿ ಗೆದ್ದದ್ದು ಪ್ರಕೃತಿ ವರ್ಣನೆಯ ಹಾಡುಗಳಲ್ಲ. ಮಲೆನಾಡಿನ ಹೆಂಗಸಿಗೆ ಮಳೆ, ಮಂಜು, ಹಸಿರು ಎಂದರೆ ಒಣಗದ ಬಟ್ಟೆ, ಹಸಿ ಸೌದೆ, ಉಂಬಳ. ಗೆದ್ದದ್ದು ಕಥೆ ಇದ್ದ ಹಾಡುಗಳು. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ ಪುಸ್ತಕವಾಗಿ ಬಂದದ್ದು 1942ರಲ್ಲಿ. ನಲವತ್ತು ವರ್ಷದ ಮೇಲೆ ಅದು ಕ್ಯಾಸೆಟ್ಟಿನಿಂದ ನಮ್ಮ ಒಲೆಯ ಮುಂದೆ ಅರಳಿತು. ಅದರಲ್ಲಿ ಅಳಿಯ ರಾತ್ರಿ ಮಾವನ ಮನೆಗೆ ಬರುವ ಹಾಡು ಇದೆಯಲ್ಲ, ಅದು ನಮ್ಮಲ್ಲಿ ದೊಡ್ಡ ಚರ್ಚೆಯನ್ನೇ ಎಬ್ಬಿಸಿತು. ಬೆಳದಿಂಗಳು, ಕಾಲಿಗೆ ನೀರು, ಪಾಯಸ, ಉಪಚಾರ ಎಲ್ಲ ಆಗುತ್ತದೆ. ಬಂದವರಿಗೆ ಬೇಕಾದವಳೊಬ್ಬಳು ಮಾತ್ರ ಕಾಣುವುದಿಲ್ಲ, ನಾದಿನಿ ನಗುತ್ತಾಳೆ. ‘ಹೊರಗಾಗಿದ್ದಾಳೆ, ಮತ್ತೇನು’ ಎಂದು ಅಮ್ಮ. ‘ಸುಮ್ಮನೆ ಸತಾಯಿಸುತ್ತಿದ್ದಾರೆ ಅಕ್ಕ, ಆಮೇಲೆ ಬರುತ್ತಾಳಲ್ಲ’ ಎಂದು ಚಿಕ್ಕಮ್ಮ. ಹೊರಗಾಗುವುದೆಂಬ ಮಾತನ್ನು ಪಿಸುಗುಟ್ಟಿಯೇ ಹೇಳಬೇಕಾಗಿದ್ದ ಮನೆಯಲ್ಲಿ ಒಂದು ಪದ್ಯದ ನೆಪದಿಂದ ಅದನ್ನು ನಗುತ್ತಾ ಗಟ್ಟಿಯಾಗಿ ಆಡಿಕೊಂಡರು. ಇದನ್ನು ಯಾವ ವಿಮರ್ಶಕರೂ ಬರೆದಿಲ್ಲ.

ವಿಮರ್ಶಕರಲ್ಲಿ ಕೆಲವರಿಗೆ ಈ ಹಾಡುಗಳೆಂದರೆ ಅಷ್ಟಕ್ಕಷ್ಟೆ. ರಾಗ ಹಾಕಿದರೆ ಕವಿತೆ ಸಾಯುತ್ತದೆ, ಜನ ಅರ್ಥ ಬಿಟ್ಟು ಮಟ್ಟು ಹಿಡಿಯುತ್ತಾರೆ ಎಂಬ ದೂರು. ಕ್ಯಾಸೆಟ್ ಕವಿ ಎಂಬ ಬೈಗುಳವೂ ಚಾಲ್ತಿಯಲ್ಲಿತ್ತು. ಅದರಲ್ಲಿ ಪೂರ್ತಿ ಸುಳ್ಳಿಲ್ಲ. ಒಳ್ಳೆಯ ಕವಿತೆಗೆ ಇಪ್ಪತ್ತು ವಯಲಿನ್ನು ಕಟ್ಟಿ ನೀರಿಗೆ ತಳ್ಳಿದ್ದನ್ನು ನಾನೂ ಕೇಳಿದ್ದೇನೆ. ಆದರೆ ಕವಿತಾಸಂಕಲನ ಕೊಳ್ಳಲು ಶಿವಮೊಗ್ಗಕ್ಕೆ ಹೋಗಬೇಕಿದ್ದ, ಹೋದರೂ ಕೊಳ್ಳಲು ಸ್ವಂತ ಕಾಸಿಲ್ಲದಿದ್ದ ಹೆಂಗಸರಿಗೆ ಕವಿತೆ ಸಿಕ್ಕಿದ್ದು ಇಲ್ಲೇ. ಅನಂತಸ್ವಾಮಿಯವರದು ಹಾರ್ಮೋನಿಯಂ ಮುಂದಿಟ್ಟುಕೊಂಡು ಪದಪದ ಕೇಳುವಂತೆ ಹಾಡುವ ರೀತಿ. 1995ರ ಜನವರಿಯಲ್ಲಿ ಅವರು ತೀರಿಕೊಂಡರು. ಸಿ. ಅಶ್ವತ್ಥರದು ಬೇರೆ ಜಾಯಮಾನ, ಎದೆ ತೆರೆದು ಕೂಗಿ ಕರೆಯುವ ಕಂಠ, ಜೊತೆಗೆ ದೊಡ್ಡ ಮೇಳ. 1939ರ ಡಿಸೆಂಬರ್ 29ರಂದು ಹುಟ್ಟಿದ ಅವರು 2009ರಲ್ಲಿ ಅದೇ ದಿನ ಹೊರಟುಹೋದರು. ಶಿಶುನಾಳ ಷರೀಫರ ಪದಗಳನ್ನು ಅಶ್ವತ್ಥರು ಮಟ್ಟು ಹಾಕಿ, ನಮ್ಮ ಸುಬ್ಬಣ್ಣನವರು ಹಾಡಿ, ಶಿವಮೊಗ್ಗದವರೇ ಆದ ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಬೆನ್ನಿಗೆ ನಿಂತು ಮನೆಮನೆಗೆ ಮುಟ್ಟಿಸಿದರು. ಧಾರವಾಡ ಸೀಮೆಯ ಒಬ್ಬ ಸಂತ ನಮ್ಮ ಅಡಿಕೆ ಸುಲಿಯುವ ಚಪ್ಪರಕ್ಕೆ ಬಂದು ಕೂತದ್ದು ಹೀಗೆ. ಸೋರುವ ಮನೆಯ ಹಾಡು ಮಲೆನಾಡಿನವರಿಗೆ ವೇದಾಂತವಾಗಿ ಅರ್ಥವಾಗುವ ಮೊದಲು ಹೆಂಚು ಕೈಯಾಡಿಸುವ ಜ್ಞಾಪಕ ತಂದದ್ದು ಸಹಜವೇ.

ಹಾಡುವವರು ಹೆಚ್ಚಾಗಿ ಗಂಡಸರೇ ಆಗಿದ್ದರಲ್ಲ ಎಂದು ಕೇಳುತ್ತೀರಿ. ಬಿ.ಕೆ. ಸುಮಿತ್ರ ಇದ್ದರು, ಆರ್.ಕೆ. ಶ್ರೀಕಂಠನ್ ಅವರ ಮಗಳು ರತ್ನಮಾಲಾ ಪ್ರಕಾಶ್ ಇದ್ದರು, ಮಾಲತಿ ಶರ್ಮ ಇದ್ದರು. ಆ ಕಂಠಗಳನ್ನು ಕೇಳಿಯೇ ಮಧ್ಯಾಹ್ನ ಮೂರು ಗಂಟೆಗೆ ಹಾರ್ಮೋನಿಯಂ ಕಲಿಯಲು ಹೊರಟ ಗೃಹಿಣಿಯರು ಸಾಗರದಲ್ಲೂ ಶಿವಮೊಗ್ಗದಲ್ಲೂ ಎಷ್ಟು ಜನ! ಬರೆದವರಲ್ಲಿ ಮಾತ್ರ ಹೆಣ್ಣು ಹೆಸರುಗಳನ್ನು ನಾನು ನಮ್ಮ ಮನೆಯ ಕ್ಯಾಸೆಟ್ಟು ಡಬ್ಬಿಗಳ ಮೇಲೆ ಹುಡುಕಿ ಸೋತೆ. ಪದುಮಳೂ ರಾಧೆಯೂ ಗಂಡುಕವಿಗಳ ಬಾಯಲ್ಲೇ ಮಾತಾಡಿದರು. ಅದರ ಬಗ್ಗೆ ನನಗೆ ಅಸಮಾಧಾನವಿದೆ. ಹಾಗೆಂದು ಅವರು ಬರೆದದ್ದು ಸುಳ್ಳು ಎನ್ನಲಾರೆ. ಯಾಕೆ ಎಂದು ಹೇಳಬೇಕಾದರೆ ದೊಡ್ಡಮ್ಮನ ವಿಷಯ ಹೇಳಬೇಕು.

ದೊಡ್ಡಮ್ಮನಿಗೆ ಮೊದಲೊಂದು ಗಂಡು ಮಗು ಆಗಿತ್ತು. ನಾನು ಹುಟ್ಟುವುದಕ್ಕೂ ಮುಂಚೆ. ಆಷಾಢದ ಮಳೆಯಲ್ಲಿ ಜ್ವರ ಬಂತು, ಹಳ್ಳ ತುಂಬಿ ದಾಟಲಾಗದೆ ಮೂರು ದಿನ ಕೂತರು, ನಾಲ್ಕನೆಯ ದಿನ ದಾಟುವ ಅಗತ್ಯ ಉಳಿಯಲಿಲ್ಲ. ಇಷ್ಟೂ ನನಗೆ ಗೊತ್ತಾದದ್ದು ಅಮ್ಮನಿಂದ, ಅಟ್ಟದ ಮೇಲಿನ ತೊಟ್ಟಿಲು ಯಾರದು ಎಂದು ಕೇಳಿದಾಗ. ಮನೆಯಲ್ಲಿ ಆ ಮಗುವಿನ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ದೊಡ್ಡಪ್ಪನಂತೂ ಮೊದಲೇ ಮಾತು ಕಡಿಮೆ. ಬೇಂದ್ರೆಯವರ ಒಂದು ಕವಿತೆ ನಿಮಗೆಲ್ಲ ಗೊತ್ತು. ಮಗು ಕೈಬಿಟ್ಟು ಹೋಗುವ ಹೊತ್ತಿನಲ್ಲಿ ಗಂಡ ಹೆಂಡತಿಗೆ ಹೇಳುವ ಮಾತು ಅದು. ತಾವೇ ಮಕ್ಕಳನ್ನು ಕಳೆದುಕೊಂಡಿದ್ದ ಕವಿ ಬರೆದದ್ದು. ಆಕೆಯ ನೋಟವನ್ನು ಎದುರಿಸಲಾರದ ಒಬ್ಬ ಗಂಡಸಿನ ಒದ್ದಾಟ ಅದರಲ್ಲಿದೆ. ಆ ಹಾಡಿದ್ದ ಕ್ಯಾಸೆಟ್ಟು ಮನೆಗೆ ಬಂದ ಮೇಲೆ ದೊಡ್ಡಮ್ಮ ಮಧ್ಯಾಹ್ನ ಎಲ್ಲರ ಊಟವಾದ ಮೇಲೆ ಒಬ್ಬಳೇ ಕೂತು ಹಿಂದಕ್ಕೆ ಸುತ್ತಿ ಸುತ್ತಿ ಅದನ್ನೇ ಕೇಳುತ್ತಿದ್ದಳು. ಅಳುತ್ತಿರಲಿಲ್ಲ. ಅಕ್ಕಿ ಆರಿಸುತ್ತಿದ್ದಳು.

ಒಂದು ದಿನ ದೊಡ್ಡಪ್ಪ ಬೇಗ ತೋಟದಿಂದ ಬಂದರು. ಹಿತ್ತಿಲ ಬಾಗಿಲಲ್ಲಿ ಕತ್ತಿ ಹಿಡಿದುಕೊಂಡೇ ನಿಂತರು. ದೊಡ್ಡಮ್ಮ ನಿಲ್ಲಿಸಲು ಕೈ ಚಾಚಿದಳು. ಬೇಡ ಎಂಬಂತೆ ತಲೆಯಾಡಿಸಿದರು. ಹಾಡು ಮುಗಿಯಿತು. ‘ಅದನ್ನ ಇನ್ನೊಂದ್ ಸಲ ಹಾಕೆ’ ಎಂದರು. ನಾನು ಪಕ್ಕದ ಕೋಣೆಯಲ್ಲಿ ಪರೀಕ್ಷೆಗೆ ಓದುತ್ತಿದ್ದೆ. ಇಪ್ಪತ್ತು ವರ್ಷದಲ್ಲಿ ಆ ಮಗುವಿನ ಬಗ್ಗೆ ಗಂಡ ಹೆಂಡತಿ ನಡುವೆ ನಡೆದ ಮಾತು, ನನಗೆ ತಿಳಿದಂತೆ, ಅಷ್ಟೇ. ಅದರಲ್ಲೂ ಆಡಿದವರು ಬೇಂದ್ರೆ.

ತಂಗಿಯ ಮಗಳು ಈಗ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿದ್ದಾಳೆ. ಈ ವಿಷಯ ಹೇಳಿದಾಗ ಅವಳು ತನ್ನೂರಿನ ಒಂದು ಸೇತುವೆಯ ಕಥೆ ಹೇಳಿದಳು. 2010ರಲ್ಲಿ ತೆರೆದ ಆ ಸೇತುವೆಗೆ ಇಟ್ಟ ಹೆಸರು ಗೋ ಬಿಟ್ವೀನ್. ಮಂತ್ರಿಯ ಹೆಸರಲ್ಲ, ‘ಗೋ-ಬಿಟ್ವೀನ್ಸ್’ ಎಂಬ ಹಾಡಿನ ತಂಡದ ಹೆಸರು. ರಾಬರ್ಟ್ ಫಾರ್ಸ್ಟರ್, ಗ್ರಾಂಟ್ ಮೆಕ್ಲೆನನ್ ಎಂಬ ಇಬ್ಬರು ಗೆಳೆಯರು 1977ರ ಕೊನೆಗೆ, ಅಂದರೆ ನಮ್ಮ ‘ನಿತ್ಯೋತ್ಸವ’ದ ಹೊತ್ತಿಗೇ, ಬ್ರಿಸ್ಬೇನಿನಲ್ಲಿ ಕಟ್ಟಿದ್ದು. ಡ್ರಮ್ಮು ಬಾರಿಸುತ್ತಿದ್ದವಳು ಲಿಂಡಿ ಮಾರಿಸನ್ ಎಂಬ ಹೆಂಗಸು. ದೊಡ್ಡ ಕಂಪನಿಗಳ ಅಬ್ಬರದಿಂದ ದೂರವಿದ್ದು ಸಣ್ಣ ಸಣ್ಣ ಕಥೆಗಳನ್ನು ಹಾಡಿದವರು. ಅವರ ಹೆಸರಾದ ಹಾಡು 1983ರ ‘ಕ್ಯಾಟಲ್ ಅಂಡ್ ಕೇನ್’. ಕಬ್ಬಿನ ಗದ್ದೆಗಳ ನಡುವೆ ರೈಲಿನಲ್ಲಿ ಮನೆಗೆ ಹೊರಟ ಶಾಲೆಯ ಹುಡುಗ, ತಂದೆಯ ಗಡಿಯಾರ ಕಳೆದುಕೊಂಡದ್ದು, ಇಂಥದೇ ನೆನಪುಗಳು. ಮೆಕ್ಲೆನನ್ ಚಿಕ್ಕವನಾಗಿದ್ದಾಗಲೇ ತಂದೆ ತೀರಿಕೊಂಡಿದ್ದರು. ಹಾಡನ್ನು ಬರೆದದ್ದು ದೂರದ ಲಂಡನ್ನಿನಲ್ಲಿ, ತಾಯಿಗೆ ಸಂತೋಷವಾಗಲಿ ಎಂದು. ಆದರೆ ತಾಯಿ ಇದ್ದದ್ದು ದನಗಳ ಫಾರಮ್ಮಿನಲ್ಲಿ, ಅಲ್ಲಿ ತಟ್ಟೆ ಹಾಕಿ ಕೇಳಲು ಕರೆಂಟಿಲ್ಲ. ಹಾಗಾಗಿ ಫೋನಿನಲ್ಲೇ ಹಾಡಿ ಕೇಳಿಸಬೇಕಿತ್ತು. ನಲವತ್ತೆಂಟು ವರ್ಷಕ್ಕೇ, 2006ರಲ್ಲಿ, ಅವನು ತೀರಿಕೊಂಡ.

ಕರೆಂಟಿಲ್ಲದ ತಾಯಿ ಎಂದ ಕೂಡಲೇ ನನಗೆ ಬೇರೆ ನೆನಪಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಊರುಗಳು ಶರಾವತಿಯ ಹಿನ್ನೀರಿಗೆ ಹೋದವು. ನಾಡಿಗೆಲ್ಲ ಬೆಳಕು ಹೋಯಿತು. ಮನೆ ಬಿಟ್ಟವರಲ್ಲಿ ಅನೇಕರು ಬಹಳ ವರ್ಷ ಸೀಮೆಎಣ್ಣೆ ಬುಡ್ಡಿಯಲ್ಲೇ ಕಳೆದರು. ಸಾಗರದ ನಾ. ಡಿಸೋಜಾ ಅದನ್ನು ‘ಮುಳುಗಡೆ’, ‘ದ್ವೀಪ’ ಎಂದು ಕಾದಂಬರಿ ಮಾಡಿದರು. ತೀರ್ಥಹಳ್ಳಿಯ ಕಡೆಯವರೇ ಆದ ಗಿರೀಶ ಕಾಸರವಳ್ಳಿ ‘ದ್ವೀಪ’ವನ್ನು 2002ರಲ್ಲಿ ಸಿನಿಮಾ ಮಾಡಿದರು. ಆದರೆ ನಮ್ಮ ಮನೆಗೆ ಬಂದ ಅಷ್ಟೂ ಕ್ಯಾಸೆಟ್ಟುಗಳಲ್ಲಿ ಮುಳುಗಡೆಯ ಒಂದು ಹಾಡಿರಲಿಲ್ಲ. ಜೋಗದ ಬೆಡಗು ಇತ್ತು, ಜೋಗಕ್ಕೆ ಮೇಲಿನ ನೀರಿನಡಿ ಏನಿದೆ ಎನ್ನುವುದಿರಲಿಲ್ಲ. ಆ ವಿಷಯದಲ್ಲಿ ನಮ್ಮ ಭಾವಗೀತೆಯವರು ಕೆರೆಗೆ ಹಾರ ಕಟ್ಟಿದ ಹಳೆಯ ಹೆಂಗಸರಿಗಿಂತ ಪುಕ್ಕಲರು ಎಂದೇ ನನಗನ್ನಿಸುತ್ತದೆ.

ಅಮ್ಮನ ಪುಸ್ತಕದ ಕೊನೆಯಲ್ಲಿ ಒಂದು ಹಾಡಿದೆ. ಯಾವ ಕ್ಯಾಸೆಟ್ಟಿನದೂ ಅಲ್ಲ. ಮುಳುಗಡೆಯಿಂದ ಎದ್ದು ಬಂದು ನಮ್ಮ ಕೇರಿಯಲ್ಲಿ ನೆಲೆಸಿದ್ದ ಒಬ್ಬ ಮುದುಕಿ ಹೇಳಿಕೊಟ್ಟದ್ದಂತೆ. ತುಳಸಿಕಟ್ಟೆ, ಹಟ್ಟಿ, ಬಚ್ಚಲು, ಒಂದೊಂದಕ್ಕೂ ಬರುತ್ತೇನೆ ಎಂದು ಹೇಳಿ ಹೊರಡುವ ಹಾಡು. ಅಮ್ಮ ಬರೆದುಕೊಂಡದ್ದು ಅರ್ಧ ಮಾತ್ರ, ಕೆಳಗೆ ‘ಉಳಿದದ್ದು ಆಮೇಲೆ’ ಎಂದಿದೆ. ಸುಬ್ಬಣ್ಣನವರು 2022ರ ಆಗಸ್ಟ್ 11ರಂದು ತೀರಿಕೊಂಡಾಗ ಟೀವಿಯಲ್ಲಿ ಅವರ ಹಾಡುಗಳು ಬರುತ್ತಿದ್ದವು. ಅಂದು ಈ ಪುಸ್ತಕ ತೆಗೆದೆ. ರಾಗ ಗೊತ್ತಿದ್ದವಳು ದೊಡ್ಡಮ್ಮ ಒಬ್ಬಳೇ ಉಳಿದಿದ್ದಳು. ಎಂಬತ್ತು ದಾಟಿದೆ, ಕಿವಿ ಮಂದ, ಗಂಟಲು ಮಾತ್ರ ನೆಟ್ಟಗಿದೆ.

ಹೋದ ವರ್ಷ ಹುಂಚಕ್ಕೆ ಹೋದಾಗ ಬ್ರಿಸ್ಬೇನಿಗೆ ಫೋನು ಹಚ್ಚಿ ಅವಳ ಬಾಯಿ ಹತ್ತಿರ ಹಿಡಿದೆ. ‘ನಿನ್ನ ಹಾಡು ಅಲ್ಲಿ ಬರೆದುಕೊಳ್ಳುತ್ತಾಳಂತೆ, ಹೇಳು ದೊಡ್ಡಮ್ಮ’ ಎಂದೆ. ಏನು ನಾಚಿಕೆಯೂ ಇಲ್ಲದೆ ಶುರು ಮಾಡಿದಳು. ತುಳಸಿಕಟ್ಟೆ ಆಯಿತು, ಹಟ್ಟಿ ಆಯಿತು, ಬಚ್ಚಲೂ ಆಯಿತು. ಅಮ್ಮ ಬರೆದುಕೊಂಡಿದ್ದನ್ನು ದಾಟಿ ಒಂದು ನುಡಿ ಮುಂದೆ ಹೋದಳು. ಅದರಲ್ಲಿ ಅಟ್ಟ ಬಂತು. ಅಲ್ಲಿಗೆ ನಿಲ್ಲಿಸಿದಳು. ಮುಂದೆ ಎಂದು ಆ ಕಡೆಯಿಂದ ಹುಡುಗಿ ಕೇಳುತ್ತಿದ್ದಳು. ‘ಮುಂದಿಂದು ಆಕೆಗೇ ಗೊತ್ತಿತ್ತು, ಆಕೆ ಹೋಗಿ ಎಷ್ಟೋ ವರ್ಷಾತು’ ಎಂದು ಹೇಳಿ, ಫೋನನ್ನು ನನ್ನ ಕೈಗೆ ಕೊಟ್ಟು, ದೊಡ್ಡಮ್ಮ ಕಾಫಿಗಿಡಲು ಎದ್ದಳು.